ಸೋರಿಯಾಸಿಸ್: ಚಿಕಿತ್ಸೆಗೊಂದು ಗುರಿ ಇಟ್ಟುಕೊಳ್ಳುವುದು ಹೇಗೆ, ಅಡ್ಡಿಗಳನ್ನು ದಾಟುವುದು ಹೇಗೆ

"ಹೇಗಿದೆ ಯಜಮಾನ್ರೇ?" ಎಂದು ವೈದ್ಯರು ಕೇಳುತ್ತಿದ್ದರು. "ಪರವಾಗಿಲ್ಲ ಸಾರ್" ಎಂದು ನಮ್ಮ ತಂದೆ ಉತ್ತರಿಸುತ್ತಿದ್ದರು. ಹಳೆಯ ಚೀಟಿಯಲ್ಲಿದ್ದ ಮುಲಾಮನ್ನೇ ಹೊಸ ಚೀಟಿಯಲ್ಲಿ ಬರೆದುಕೊಟ್ಟರೆ ಭೇಟಿ ಮುಗಿಯುತ್ತಿತ್ತು. ಆರು ವರ್ಷ ಹೀಗೆಯೇ ನಡೆಯಿತು. ಆ "ಪರವಾಗಿಲ್ಲ" ಎಂಬ ಮಾತಿನೊಳಗೆ ಏನೇನು ಅಡಗಿತ್ತು ಎಂಬುದು ಮನೆಯಲ್ಲಿದ್ದ ನಮಗೆ ಮಾತ್ರ ಗೊತ್ತಿತ್ತು: ನಡುರಾತ್ರಿ ತುರಿಕೆ ತಾಳದೆ ಎದ್ದು ಕೂರುವುದು, ಬೆಳಿಗ್ಗೆ ಹಾಸಿಗೆಯ ಮೇಲೆ ಉದುರಿದ ಹಕ್ಕಳೆಯನ್ನು ನಾವು ಏಳುವ ಮೊದಲೇ ತಾವೇ ಕೊಡವಿ ಗುಡಿಸಿಬಿಡುವುದು, ಏಪ್ರಿಲ್ ತಿಂಗಳ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಡುವುದು, ಮದುವೆಮನೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಹೋಗಿ ಕೂರುವುದು.

ಸೋರಿಯಾಸಿಸ್ ಇರುವವರಿಗೆ ಒಳ್ಳೆಯ ಚಿಕಿತ್ಸೆ ಸಿಗದಿರಲು ಔಷಧಗಳ ಕೊರತೆ ಇಂದು ಮುಖ್ಯ ಕಾರಣವಾಗಿ ಉಳಿದಿಲ್ಲ. ಎಷ್ಟು ಗುಣವಾದರೆ ಸಾಕು, ಎಷ್ಟು ದಿನದೊಳಗೆ ಆಗಬೇಕು, ಆಗದಿದ್ದರೆ ಮುಂದೇನು ಎಂಬುದನ್ನು ರೋಗಿಯೂ ವೈದ್ಯರೂ ಒಟ್ಟಿಗೆ ತೀರ್ಮಾನಿಸದಿರುವುದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಆ ತೀರ್ಮಾನಕ್ಕೆ ಬರುವ ಬಗೆಯನ್ನೂ, ಅನಂತರ ಎದುರಾಗುವ ಅಡ್ಡಿಗಳನ್ನು ದಾಟುವ ಬಗೆಯನ್ನೂ ಇಲ್ಲಿ ವಿವರಿಸಿದ್ದೇನೆ. ಇದನ್ನು ಓದಿ ಯಾರೂ ತಾವಾಗಿಯೇ ಔಷಧವನ್ನು ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಕೂಡದು. ವೈದ್ಯರ ಮುಂದೆ ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಮಾತ್ರ ಇದನ್ನು ಬಳಸಿಕೊಳ್ಳಬೇಕು.

ಗುರಿಗೆ ಮುನ್ನ ತಿಳಿದಿರಬೇಕಾದದ್ದು

ಸೋರಿಯಾಸಿಸ್ ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಇದು ಹರಡುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಅಳತೆ ಮೀರಿ ಕೆರಳಿದಾಗ ಚರ್ಮದ ಜೀವಕೋಶಗಳು ಅವಸರದಲ್ಲಿ ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಹಿಡಿಯುವ ಬೆಳವಣಿಗೆ ಮೂರರಿಂದ ಐದು ದಿನಗಳಲ್ಲಿ ಮುಗಿದು, ಬಲಿಯದ ಕೋಶಗಳು ಪದರಪದರವಾಗಿ ಮೇಲೆ ಕೂಡಿಕೊಂಡು ಬೆಳ್ಳಿಬಣ್ಣದ ಹಕ್ಕಳೆಯಾಗುತ್ತವೆ. ವಂಶವಾಹಿಯ ಒಲವು ಇರುವವರಲ್ಲಿ ಗಂಟಲಿನ ಸೋಂಕು, ಮಾನಸಿಕ ಒತ್ತಡ, ಧೂಮಪಾನ, ಮದ್ಯ, ಬೊಜ್ಜು, ಲಿಥಿಯಂ ಮತ್ತು ಕ್ಲೋರೋಕ್ವಿನ್‌ನಂತಹ ಕೆಲವು ಔಷಧಗಳು ಇದನ್ನು ಎಬ್ಬಿಸಬಹುದು ಇಲ್ಲವೇ ಹೆಚ್ಚಿಸಬಹುದು.

ಬುಡಸಮೇತ ಕಿತ್ತು ಹಾಕುವ ಔಷಧ ಈ ಕಾಯಿಲೆಗೆ ಇನ್ನೂ ಇಲ್ಲ. ಈ ಮಾತನ್ನು ಕೇಳಿದ ಕೂಡಲೇ ಬಹಳ ಮಂದಿ ಕೈಚೆಲ್ಲಿಬಿಡುತ್ತಾರೆ. ಆದರೆ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ನಾವು ಹತೋಟಿಯಲ್ಲಿಟ್ಟುಕೊಂಡು ಬಾಳುವುದಿಲ್ಲವೇ? ಇದೂ ಅದೇ ಸಾಲಿನದು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ, ಸೋರಿಯಾಸಿಸನ್ನು ನೋವು ಮತ್ತು ಅಂಗವೈಕಲ್ಯ ತರಬಲ್ಲ, ಸೋಂಕಲ್ಲದ ದೀರ್ಘಕಾಲದ ಕಾಯಿಲೆಯೆಂದು ಒಪ್ಪಿಕೊಂಡವು. "ಚರ್ಮದ ಮೇಲಿನದು ತಾನೇ" ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಅಂಗೈಯಿಂದ ಅಳೆಯಿರಿ

ಗುರಿ ಎಂದರೆ ಅಂಕಿ ಮತ್ತು ಗಡುವು ಎರಡೂ ಇರಬೇಕು. ಅಂಕಿಗೆ ಬೇಕಾದ ಅಳತೆಗೋಲು ನಿಮ್ಮ ಕೈಯಲ್ಲೇ ಇದೆ. ಬೆರಳುಗಳನ್ನು ಒತ್ತಾಗಿ ಸೇರಿಸಿ ಹಿಡಿದ ನಿಮ್ಮದೇ ಅಂಗೈ, ಬೆರಳುಗಳೂ ಸೇರಿದಂತೆ, ನಿಮ್ಮ ದೇಹದ ಒಟ್ಟು ಚರ್ಮದ ಸುಮಾರು ಶೇ. 1ರಷ್ಟು. ಸ್ನಾನಕ್ಕೆ ಮುಂಚೆ ಒಳ್ಳೆಯ ಬೆಳಕಿನಲ್ಲಿ ನಿಂತು, ಮೊಣಕೈ, ಮೊಣಕಾಲು, ಸೊಂಟ, ತಲೆ ಎಂದು ಒಂದೊಂದೇ ಜಾಗದ ಕಲೆಗಳು ಎಷ್ಟು ಅಂಗೈ ತುಂಬುತ್ತವೆ ಎಂದು ಲೆಕ್ಕ ಹಾಕಿ. ಚಿಕ್ಕ ಚಿಕ್ಕ ಕಲೆಗಳನ್ನು ಮನಸ್ಸಿನಲ್ಲೇ ಒಟ್ಟುಗೂಡಿಸಿಕೊಳ್ಳಿ. ಬೆನ್ನಿನ ಲೆಕ್ಕವನ್ನು ಮನೆಯವರು ಮಾಡಲಿ, ಆದರೆ ಅಳತೆಗೆ ಹಿಡಿಯುವುದು ರೋಗಿಯ ಕೈಯ ಗಾತ್ರವೇ ಆಗಿರಲಿ. ಆ ಅಂಕಿಯನ್ನು ತಾರೀಖಿನೊಂದಿಗೆ ಬರೆದಿಟ್ಟು, ಅದೇ ಜಾಗಗಳ ಫೋಟೋಗಳನ್ನು ಅದೇ ಬೆಳಕಿನಲ್ಲಿ ತಿಂಗಳಿಗೊಮ್ಮೆ ತೆಗೆದಿಡಿ.

ಈಗ ಗಡುವಿನ ವಿಷಯ. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ತಜ್ಞರ ಸಮಿತಿ ಗೊತ್ತುಮಾಡಿ 2017ರಲ್ಲಿ ಪ್ರಕಟಿಸಿದ ಗುರಿಗಳು ಸಾಮಾನ್ಯ ಓದುಗರಿಗೂ ಅರ್ಥವಾಗುವಂತಿವೆ: ಹೊಸ ಚಿಕಿತ್ಸೆ ಆರಂಭಿಸಿದ ಮೂರು ತಿಂಗಳ ಹೊತ್ತಿಗೆ ಕಲೆಗಳು ಒಂದು ಅಂಗೈಗೆ, ಅಂದರೆ ಶೇ. 1ಕ್ಕೆ ಇಳಿಯಬೇಕು, ಅಷ್ಟಾಗದಿದ್ದರೂ ಮೂರು ಅಂಗೈಗೆ ಇಳಿದಿದ್ದರೆ ಅಥವಾ ಮೊದಲಿದ್ದದ್ದರಲ್ಲಿ ಮುಕ್ಕಾಲು ಪಾಲು ಹೋಗಿದ್ದರೆ ಸದ್ಯಕ್ಕೆ ಒಪ್ಪಬಹುದು, ಆ ಬಳಿಕ ಆರು ತಿಂಗಳಿಗೊಮ್ಮೆ ನೋಡಿದಾಗಲೂ ಒಂದು ಅಂಗೈ ಮೀರದಂತೆ ಕಾಯ್ದುಕೊಳ್ಳಬೇಕು. ಯುರೋಪಿನ ತಜ್ಞರು 2011ರಲ್ಲೇ ಇಂತಹ ಒಮ್ಮತಕ್ಕೆ ಬಂದಿದ್ದರು. ಕಾಯಿಲೆಯ ತೀವ್ರತೆ ಮುಕ್ಕಾಲು ಪಾಲು ತಗ್ಗಿದರೆ ಚಿಕಿತ್ಸೆಯನ್ನು ಮುಂದುವರಿಸುವುದು, ಅರ್ಧದಷ್ಟೂ ತಗ್ಗದಿದ್ದರೆ ಬದಲಾಯಿಸುವುದು, ನಡುವೆ ನಿಂತರೆ ರೋಗಿಯ ಬದುಕಿನ ಮೇಲೆ ಅದು ಎಷ್ಟು ಭಾರವಾಗಿದೆ ಎಂದು ನೋಡಿ ನಿರ್ಧರಿಸುವುದು ಎಂಬುದು ಅದರ ತಿರುಳು.

ಆ ಭಾರವನ್ನು ಅಳೆಯಲೂ ಒಂದು ಪಟ್ಟಿಯಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೂಪುಗೊಂಡು 1994ರಲ್ಲಿ ಪ್ರಕಟವಾದ, ವೈದ್ಯರು ಡಿಎಲ್‌ಕ್ಯೂಐ ಎಂದು ಕರೆಯುವ ಹತ್ತು ಪ್ರಶ್ನೆಗಳ ಪಟ್ಟಿ ಅದು. ಕಳೆದ ಒಂದು ವಾರದಲ್ಲಿ ತುರಿಕೆ, ಮುಜುಗರ, ಬಟ್ಟೆಯ ಆಯ್ಕೆ, ಕೆಲಸ, ಆಟ, ನೆಂಟಸ್ತನ, ದಾಂಪತ್ಯ ಇವುಗಳಿಗೆ ಚರ್ಮದಿಂದ ಎಷ್ಟು ತೊಂದರೆಯಾಯಿತು ಎಂದು ಅದು ಕೇಳುತ್ತದೆ. ಒಟ್ಟು 30 ಅಂಕ. ಸೊನ್ನೆ ಅಥವಾ ಒಂದು ಬಂದರೆ ಬದುಕಿಗೆ ಅಡಚಣೆಯಿಲ್ಲವೆಂದು ಅರ್ಥ. ಹತ್ತು ಮೀರಿದರೆ ಬಹಳ ತೊಂದರೆಯಿದೆ ಎಂದು ಅರ್ಥ. "ಪರವಾಗಿಲ್ಲ" ಎನ್ನುವವರ ಅಂಕ ಕೆಲವೊಮ್ಮೆ ಹದಿನೆಂಟು ಬರುವುದುಂಟು.

ಅಂಗೈ ಲೆಕ್ಕ ಮೋಸ ಮಾಡುವ ಜಾಗಗಳೂ ಇವೆ. ಅಂಗಾಲು ಒಡೆದು ನಡೆಯಲಾಗದವರ, ಅಂಗೈ ಬಿರಿದು ಕುಡುಗೋಲು ಹಿಡಿಯಲಾಗದವರ, ಜನನಾಂಗದ ಬಳಿ ಕಲೆಯಿದ್ದು ಯಾರಿಗೂ ಹೇಳಲಾಗದವರ ಕಾಯಿಲೆ ಅಳತೆಯಲ್ಲಿ ಎರಡು ಅಂಗೈಯಷ್ಟೇ ಇರಬಹುದು. ತಲೆ, ಉಗುರು, ಅಂಗೈ, ಅಂಗಾಲು, ಗುಪ್ತಾಂಗ ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಅದನ್ನು ತೀವ್ರ ಕಾಯಿಲೆಯೆಂದೇ ಎಣಿಸಿ, ಅದಕ್ಕೆ ಪ್ರತ್ಯೇಕ ಗುರಿ ಇಟ್ಟುಕೊಳ್ಳುವುದು ನ್ಯಾಯ. ಗುಪ್ತಾಂಗದ ವಿಷಯವನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.

ಇನ್ನೊಂದು ಎಚ್ಚರಿಕೆ ನಮ್ಮ ಮೈಬಣ್ಣಕ್ಕೆ ಸಂಬಂಧಿಸಿದ್ದು. ಪುಸ್ತಕಗಳಲ್ಲಿ "ಕೆಂಪು ಕಲೆ" ಎಂದು ಬರೆದಿರುತ್ತದೆ. ಎಣ್ಣೆಗಪ್ಪು ಅಥವಾ ಕಪ್ಪು ಮೈಯಲ್ಲಿ ಅದು ನೇರಳೆಯಾಗಿಯೋ ಬೂದುಗಂದಾಗಿಯೋ ಕಾಣುತ್ತದೆ. ವಾಸಿಯಾದ ಜಾಗದಲ್ಲಿ ಕಪ್ಪು ಇಲ್ಲವೇ ಬಿಳಿಚಿದ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ: ದಪ್ಪವಿಲ್ಲದೆ, ಒರಟಿಲ್ಲದೆ, ಪಕ್ಕದ ಚರ್ಮದಷ್ಟೇ ನುಣುಪಾಗಿದ್ದರೆ ಕಾಯಿಲೆ ಅಲ್ಲಿಂದ ಹೋಗಿದೆ, ಉಳಿದದ್ದು ಬಣ್ಣ ಮಾತ್ರ. ಇದನ್ನು ತಿಳಿಯದೆ "ಔಷಧ ಹಿಡಿಯಲಿಲ್ಲ" ಎಂದು ಒಳ್ಳೆಯ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಕೀಲುಗಳ ಗುರಿ ಬೇರೆ

ಸೋರಿಯಾಸಿಸ್ ಇರುವವರಲ್ಲಿ ಒಂದು ದೊಡ್ಡ ಪಾಲಿಗೆ, ಕೆಲವು ಎಣಿಕೆಗಳ ಪ್ರಕಾರ ಶೇ. 30ರವರೆಗೆ, ಕೀಲುಗಳ ಉರಿಯೂತವೂ ಬರುತ್ತದೆ. ಚರ್ಮದ ಕಲೆ ಕಾಣಿಸಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಇದು ತಲೆಹಾಕುವುದೇ ಹೆಚ್ಚು. ಬೆಳಿಗ್ಗೆ ಎದ್ದಾಗ ಕೀಲುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುವುದು, ಒಂದು ಬೆರಳು ಇಡಿಯಾಗಿ ಬಾಳೆಕಾಯಿಯಂತೆ ಊದಿಕೊಳ್ಳುವುದು, ಹಿಮ್ಮಡಿ ನೋಯುವುದು, ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತಹ ಗುಳಿಗಳಿರುವುದು ಇದರ ಸುಳಿವುಗಳು. ಚರ್ಮ ಮತ್ತೆ ನುಣುಪಾಗಬಲ್ಲದು, ಆದರೆ ಸವೆದು ಸೊಟ್ಟಗಾದ ಕೀಲು ಮೊದಲಿನಂತಾಗುವುದಿಲ್ಲ. "ವಯಸ್ಸಾಯಿತು, ವಾಯು" ಎಂದು ಸುಮ್ಮನಾಗದೆ, ಈ ಸುಳಿವುಗಳಲ್ಲಿ ಒಂದು ಕಂಡರೂ ಚರ್ಮವೈದ್ಯರಿಗೆ ಹೇಳಿ, ಅಗತ್ಯವಿದ್ದರೆ ಕೀಲುವಾತ ತಜ್ಞರ ಬಳಿಗೆ ಹೋಗಬೇಕು. ತೀವ್ರ ಸೋರಿಯಾಸಿಸ್ ಇರುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇವೂ ಹೆಚ್ಚಾಗಿ ಕಂಡುಬರುವುದರಿಂದ ವರ್ಷಕ್ಕೊಮ್ಮೆ ತೂಕ, ರಕ್ತದೊತ್ತಡ, ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯೂ ಗುರಿಯ ಪಟ್ಟಿಯಲ್ಲಿರಲಿ.

ಮೊದಲ ಅಡ್ಡಿ: ಔಷಧದ ಅಂಗಡಿಯ ಮುಲಾಮು

ನಮ್ಮಲ್ಲಿ ಸೋರಿಯಾಸಿಸ್ ಬಹಳ ಸಲ ಮೊದಲು ಇಸಬು, ಹುಳುಕಡ್ಡಿ, ಇಲ್ಲವೇ ಬರಿಯ ತಲೆಹೊಟ್ಟು ಎಂದು ಕರೆಸಿಕೊಳ್ಳುತ್ತದೆ. ಅಂಗಡಿಯವರು ಕೊಡುವ ಟ್ಯೂಬಿನಲ್ಲಿ ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಎಲ್ಲವೂ ಬೆರೆತಿರುತ್ತವೆ. ಹಚ್ಚಿದ ನಾಲ್ಕು ದಿನ ಹಾಯೆನಿಸುತ್ತದೆ, ಬಿಟ್ಟರೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಅದೇ ಟ್ಯೂಬು. ಕೇಂದ್ರ ಸರ್ಕಾರ 2018ರಲ್ಲಿ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಹಾಗಾಗಿ ಮೊದಲ ಕೆಲಸವೆಂದರೆ ಚರ್ಮರೋಗ ತಜ್ಞರಿಂದ ಕಾಯಿಲೆಯ ಹೆಸರನ್ನು ಖಚಿತಪಡಿಸಿಕೊಳ್ಳುವುದು. ಬೆಂಗಳೂರಿನ ವಿಕ್ಟೋರಿಯಾ ಮತ್ತು ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಮೊದಲಾದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾಗಿದ್ದರೂ ಸರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದನ್ನು ತೆಗೆದುಕೊಂಡು ಥಟ್ಟನೆ ನಿಲ್ಲಿಸಿದಾಗ ಸಾಧಾರಣ ಸೋರಿಯಾಸಿಸ್ ಮೈಯೆಲ್ಲ ಕೆಂಪಾಗಿ ಸುಲಿಯುವ ಅಥವಾ ಕೀವುಗುಳ್ಳೆಗಳೇಳುವ ಉಗ್ರ ರೂಪ ತಾಳಬಹುದು. ಮೈಯೆಲ್ಲ ಕೆಂಪೇರಿ ಚಳಿ ನಡುಗಿದರೆ, ಗುಳ್ಳೆಗಳೊಂದಿಗೆ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಸೇರಬೇಕು. ಗುರುತುಚೀಟಿಯಿಲ್ಲದ ಸೀಸೆಯಲ್ಲಿ ಮಾರುವ, "ಏಳು ದಿನದಲ್ಲಿ ಗ್ಯಾರಂಟಿ" ಎನ್ನುವ ಪುಡಿ ಮತ್ತು ಎಣ್ಣೆಗಳಲ್ಲಿ ಇದೇ ಸ್ಟೀರಾಯ್ಡನ್ನು ಗುಟ್ಟಾಗಿ ಬೆರೆಸಿರುವ ಅಪಾಯವಿದೆ.

ಎರಡನೆಯದು: ಸಾಕಾಗದಷ್ಟು ಕಡಿಮೆ ಹಚ್ಚುವುದು

ಇದು ಯಾರ ಗಮನಕ್ಕೂ ಬಾರದ ಅಡ್ಡಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದೆಳೆ ಮುಲಾಮು ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕಾಗುವಷ್ಟು. ಹತ್ತು ಅಂಗೈಯಷ್ಟು ಕಲೆಗಳಿದ್ದವರಿಗೆ ಒಂದು ಸಲಕ್ಕೆ ಐದು ಬೆರಳೆಳೆ, ಅಂದರೆ ಎರಡೂವರೆ ಗ್ರಾಂ ಬೇಕು. 15 ಗ್ರಾಮಿನ ಟ್ಯೂಬು ದಿನಕ್ಕೊಮ್ಮೆ ಹಚ್ಚಿದರೆ ಆರು ದಿನಕ್ಕೆ, ಎರಡು ಸಲ ಹಚ್ಚಿದರೆ ಮೂರೇ ದಿನಕ್ಕೆ ಮುಗಿಯುತ್ತದೆ. ನಮ್ಮ ತಂದೆ ಅಂತಹ ಒಂದು ಟ್ಯೂಬನ್ನು ಒಂದೂವರೆ ತಿಂಗಳು ನಡೆಸುತ್ತಿದ್ದರು, ಕೊನೆಯಲ್ಲಿ ಅದನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದುಕೊಳ್ಳುತ್ತಿದ್ದರು. ಔಷಧ ಸೋತಿತೆಂದು ನಾವು ತಿಳಿದಿದ್ದೆವು. ಔಷಧ ಮೈಗೆ ಮುಟ್ಟಿಯೇ ಇರಲಿಲ್ಲ. ಚೀಟಿ ಬರೆಸಿಕೊಳ್ಳುವಾಗಲೇ "ತಿಂಗಳಿಗೆ ಎಷ್ಟು ಗ್ರಾಂ ಬೇಕಾಗುತ್ತದೆ?" ಎಂದು ಕೇಳಿ. ಅಷ್ಟು ಮುಲಾಮು ಹಚ್ಚುವುದು ಕೈಗೂಡದ ಮಾತಾದರೆ, ಮುಲಾಮನ್ನು ದಾಟಿ ಬೆಳಕಿನ ಚಿಕಿತ್ಸೆಗೋ ಮಾತ್ರೆಗೋ ಹೋಗುವ ಕಾಲ ಬಂದಿದೆ ಎಂದು ಅರ್ಥ.

ಪ್ರಬಲ ಸ್ಟೀರಾಯ್ಡನ್ನು ಮುಖಕ್ಕೆ, ಕಂಕುಳು ಮತ್ತು ತೊಡೆಸಂದಿಗೆ ಹಚ್ಚಬಾರದು. ವೈದ್ಯರು ಹೇಳಿದ ವಾರಗಳು ಮುಗಿದ ಮೇಲೆ ಮುಂದುವರಿಸಲೂಬಾರದು. ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಬಳಸುವವರು ಅದೇ ಜಾಗಕ್ಕೆ ಅದೇ ಹೊತ್ತಿನಲ್ಲಿ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಚ್ಚಿದರೆ ಮೊದಲನೆಯದರ ಶಕ್ತಿ ಕೆಡುತ್ತದೆ. ಸ್ನಾನವಾದ ಕೆಲವೇ ನಿಮಿಷಗಳಲ್ಲಿ ಮೈ ಇನ್ನೂ ಹಸಿಯಾಗಿರುವಾಗ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಿಕೊಳ್ಳುವುದು ಅಗ್ಗದ, ಎಲ್ಲರಿಗೂ ಎಟುಕುವ ಉಪಚಾರ. ಇಂತಹ ಜಿಡ್ಡು ಹೀರಿದ ಬಟ್ಟೆ ಬೇಗ ಬೆಂಕಿ ಹಿಡಿಯುವುದರಿಂದ ಅದನ್ನು ಉಟ್ಟು ಒಲೆಯ ಮುಂದೆ ನಿಲ್ಲಬೇಡಿ.

ಮೂರನೆಯದು: ದಾರಿ ಮತ್ತು ದುಡ್ಡು

ಬೆಳಕಿನ ಚಿಕಿತ್ಸೆಯಲ್ಲಿ ಸುಮಾರು 311 ನ್ಯಾನೋಮೀಟರಿನ ನೇರಳಾತೀತ ಕಿರಣಗಳನ್ನು ಅಳತೆಯಾಗಿ ಮೈಗೆ ತೋರಿಸುತ್ತಾರೆ. ಸುರಕ್ಷಿತವಾದ, ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡಬಹುದಾದ ವಿಧಾನ ಇದು. ಆದರೆ ವಾರಕ್ಕೆ ಎರಡು ಮೂರು ಸಲದಂತೆ ಎರಡು ಮೂರು ತಿಂಗಳು ಬಿಡದೆ ಹೋಗಬೇಕು. ಕೂಲಿ ಮಾಡುವವರಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಬಳ ಮತ್ತು ಬಸ್ ಚಾರ್ಜು. ಯಂತ್ರ ಎಲ್ಲಿದೆ, ಯಾವ ದಿನ ನಡೆಯುತ್ತದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದರೆ ಬೇಗ ಮುಗಿಯುತ್ತದೆ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಿ. ಹೋಗಲಾಗದು ಎನಿಸಿದರೆ ಆರಂಭದಲ್ಲೇ ಹೇಳಿಬಿಡಿ. ನಾಲ್ಕು ಸಲ ಹೋಗಿ ಬಿಟ್ಟವರಿಗೆ ಖರ್ಚು ಮಾತ್ರ ಉಳಿಯುತ್ತದೆ.

ಮಾತ್ರೆಗಳಲ್ಲಿ ಹಳೆಯದು, ಅಗ್ಗದ್ದು, ಹೆಚ್ಚು ಬಳಕೆಯಲ್ಲಿರುವುದು ಮೆಥೊಟ್ರೆಕ್ಸೇಟ್. ಇದನ್ನು ಸೋರಿಯಾಸಿಸ್‌ಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣವೇ ಹೋಗಬಹುದು. ಸೋಮವಾರವೋ ಭಾನುವಾರವೋ, ವಾರದ ಒಂದು ದಿನವನ್ನು ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿ, ಓದು ಬಾರದ ಹಿರಿಯರಿದ್ದರೆ ಆ ಮಾತ್ರೆಯನ್ನು ಮನೆಯ ಮತ್ತೊಬ್ಬರೇ ಕೈಯಾರೆ ಕೊಡಲಿ. ಇದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರು ಹೇಳಿದ ಬೇರೆ ದಿನ ಕೊಡಬೇಕು. ಎರಡೂ ಹಳದಿ ಬಣ್ಣದವಾಗಿರುವುದುಂಟು, ಆದ್ದರಿಂದ ಬೇರೆ ಬೇರೆ ಡಬ್ಬಿಗಳಲ್ಲಿಡಿ. ರಕ್ತ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ತಪ್ಪಿಸಬಾರದು, ಮದ್ಯ ಕೂಡದು, ಗರ್ಭಧಾರಣೆಯ ಯೋಚನೆಯಿರುವ ದಂಪತಿಗಳು ಮುಂಚಿತವಾಗಿಯೇ ಹೇಳಬೇಕು. ಬಾಯಿಹುಣ್ಣು, ಜ್ವರ, ಒಣಕೆಮ್ಮಿನೊಂದಿಗೆ ಉಸಿರಾಟದ ತೊಂದರೆ ಕಾಣಿಸಿದರೆ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕಾಣಬೇಕು. ಇದರ ಗುಣ ಪೂರ್ತಿಯಾಗಿ ಕಾಣಲು ಮೂರು ನಾಲ್ಕು ತಿಂಗಳು ಬೇಕಾಗುತ್ತದೆ. ಮೂರನೆಯ ವಾರಕ್ಕೇ ಬೇಸರಪಡಬಾರದು.

ರೋಗನಿರೋಧಕ ವ್ಯವಸ್ಥೆಯ ಕೆರಳಿಕೆಯನ್ನು ತಡೆಯುವ, ಜೈವಿಕ ಔಷಧಗಳೆಂಬ ಇಂಜೆಕ್ಷನ್ನುಗಳು ಮೈಯನ್ನು ಪೂರ್ತಿ ನುಣುಪಾಗಿಸುವ ಮಟ್ಟಕ್ಕೆ ಗುರಿಯನ್ನು ಏರಿಸಿವೆ. ಬೆಂಗಳೂರಿನ ಬಯೋಕಾನ್ ಕಂಪನಿ ಅಭಿವೃದ್ಧಿಪಡಿಸಿದ ಇಟೋಲಿಜುಮ್ಯಾಬ್ ಸೋರಿಯಾಸಿಸ್‌ಗಾಗಿಯೇ 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಅಡಾಲಿಮುಮ್ಯಾಬ್‌ನ ದೇಶೀ ಪ್ರತಿರೂಪಗಳೂ, ಸೆಕುಕಿನುಮ್ಯಾಬ್ ಮೊದಲಾದವೂ ಸಿಗುತ್ತವೆ. ಬೆಲೆ ಬಹುಪಾಲು ಕುಟುಂಬಗಳ ಕೈಗೆ ಎಟುಕುವುದಿಲ್ಲ ಎಂಬುದು ನೋವಿನ ಸಂಗತಿ. ಹೊರರೋಗಿಗಳ ಖರ್ಚನ್ನು ನಿಮ್ಮ ವಿಮೆ ಭರಿಸುತ್ತದೆಯೇ, ಕಂಪನಿಯ ರಿಯಾಯಿತಿ ಯೋಜನೆ ಇದೆಯೇ, ಒಂದು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಮೊದಲ ಡೋಸಿಗೆ ಮುನ್ನವೇ ಲೆಕ್ಕ ಹಾಕಿ. ಸಾಲ ಮಾಡಿ ಎರಡು ಡೋಸು ಹಾಕಿಸಿ ನಿಲ್ಲಿಸುವುದಕ್ಕಿಂತ, ಅಗ್ಗದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಬಿಡದೆ ತೆಗೆದುಕೊಳ್ಳುವುದು ಮೇಲು. ಕ್ಷಯ ನಮ್ಮಲ್ಲಿ ಸಾಮಾನ್ಯವಾದ್ದರಿಂದ, ಇಂತಹ ಇಂಜೆಕ್ಷನ್ನಿಗೆ ಮುಂಚೆ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಕಾಮಾಲೆಯ ವೈರಸ್ಸಿನ ಪರೀಕ್ಷೆ ಕಡ್ಡಾಯವೆಂದು ತಿಳಿಯಿರಿ.

ಮನೆಯೊಳಗಿನ ಅಡ್ಡಿಗಳು

ಬದನೆಕಾಯಿ ನಂಜು, ಮೀನು ನಂಜು, ಕಡಲೆಕಾಯಿ ನಂಜು ಎಂದು ಒಂದೊಂದನ್ನೇ ಬಿಡಿಸುತ್ತ ಹೋಗಿ ಕೊನೆಗೆ ರೋಗಿಯ ತಟ್ಟೆಯಲ್ಲಿ ಅನ್ನ ಮಜ್ಜಿಗೆ ಮಾತ್ರ ಉಳಿಸುವ ಮನೆಗಳಿವೆ. ಯಾವುದಾದರೂ ತಿಂದಾಗಲೆಲ್ಲ ಹೆಚ್ಚಾಗುವುದು ನಿಮ್ಮ ಅನುಭವಕ್ಕೆ ಬಂದಿದ್ದರೆ ಅದನ್ನು ಬಿಡಿ. ಎಲ್ಲರಿಗೂ ಒಂದೇ ಪಥ್ಯವೆಂಬುದಕ್ಕೆ ಆಧಾರವಿಲ್ಲ. ಬೊಜ್ಜಿರುವವರು ತೂಕ ಇಳಿಸಿದರೆ ಕಾಯಿಲೆಯೂ ತಗ್ಗುತ್ತದೆ, ಔಷಧವೂ ಚೆನ್ನಾಗಿ ಹಿಡಿಯುತ್ತದೆ ಎಂಬುದಕ್ಕೆ ಮಾತ್ರ ಒಳ್ಳೆಯ ಆಧಾರವಿದೆ. ಬೀಡಿ, ಸಿಗರೇಟು, ಮದ್ಯ ಬಿಡುವುದೇ ಇಲ್ಲಿ ನಿಜವಾದ ಪಥ್ಯ.

ಕರಾವಳಿ ಮತ್ತು ಮಲೆನಾಡಿನಲ್ಲಿ ಚರ್ಮದ ಕಾಯಿಲೆಯನ್ನು ನಾಗದೋಷವೆಂದು ನಂಬುವವರು ಹಲವರು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಬರುತ್ತಾರೆ. ಆ ನಂಬಿಕೆಯನ್ನು ಹಳಿಯುವುದರಿಂದ ರೋಗಿಗೆ ಏನೂ ಒಳಿತಾಗದು. ಸೇವೆ ಮಾಡಿಸಿ, ಹರಕೆ ತೀರಿಸಿ, ಆದರೆ ವಾರದ ಮಾತ್ರೆಯನ್ನು ಪ್ರಯಾಣದ ಚೀಲದಲ್ಲಿ ಮರೆಯದೆ ಇಟ್ಟುಕೊಳ್ಳಿ ಎಂದು ಮನೆಯ ಹಿರಿಯರಿಗೆ ವಿನಯದಿಂದ ಹೇಳಿದರೆ ಅವರು ಒಪ್ಪುತ್ತಾರೆ.

ಲೋಟ ಬೇರೆ ಇಡುವುದು, ಮಗುವನ್ನು ಎತ್ತಿಕೊಳ್ಳಲು ಬಿಡದಿರುವುದು, ಕ್ಷೌರದಂಗಡಿಯಿಂದ ವಾಪಸ್ ಕಳಿಸಿಬಿಡುವುದು ಇವು ರೋಗಿಯನ್ನು ಒಳಗೊಳಗೇ ಕುಗ್ಗಿಸುತ್ತವೆ. ಖಿನ್ನತೆ ಈ ಕಾಯಿಲೆಯ ಜೊತೆಗೇ ಬರುವ ತೊಂದರೆ. ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, "ಬದುಕಿ ಏನು" ಎಂಬ ಮಾತು ಬಂದರೆ ಅದನ್ನೂ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಐದು ನಿಮಿಷದ ಭೇಟಿಗೆ ಒಂದು ಹಾಳೆ

ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಒಬ್ಬೊಬ್ಬರಿಗೆ ಐದು ನಿಮಿಷ ಸಿಗುವುದೂ ಕಷ್ಟ. ಆ ಐದು ನಿಮಿಷವನ್ನು ನಾವೇ ಸಿದ್ಧಮಾಡಿಕೊಂಡು ಹೋಗಬೇಕು. ಒಂದೇ ಹಾಳೆಯಲ್ಲಿ ಇಂದಿನ ಅಂಗೈ ಲೆಕ್ಕ ಮತ್ತು ಕಳೆದ ಸಲದ ಲೆಕ್ಕ, ತುರಿಕೆಗೆ ಹತ್ತರಲ್ಲಿ ಎಷ್ಟು ಅಂಕ, ಕೀಲು ನೋವಿದೆಯೇ, ಔಷಧ ಎಷ್ಟು ದಿನ ತಪ್ಪಿತು ಮತ್ತು ಏಕೆ ತಪ್ಪಿತು, ನಿಮಗೆ ಅತಿ ಹೆಚ್ಚು ಬಾಧಿಸುವ ಒಂದು ಸಂಗತಿ ಯಾವುದು ಎಂದು ಬರೆದುಕೊಳ್ಳಿ. ತಪ್ಪಿಸಿದ್ದನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ, ತೆಗೆದುಕೊಳ್ಳದ ಔಷಧವನ್ನು ಸೋತ ಔಷಧವೆಂದು ಎಣಿಸಿ ಇನ್ನೂ ಪ್ರಬಲವಾದದ್ದನ್ನು ಬರೆಯುವ ಸಂಭವವಿದೆ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಮೂರು ತಿಂಗಳಿಗೆ ಇದು ಎಷ್ಟಕ್ಕೆ ಇಳಿಯಬೇಕು ಸಾರ್, ಇಳಿಯದಿದ್ದರೆ ಏನು ಮಾಡೋಣ?"

ನಮ್ಮ ತಂದೆಗೆ ಬೇರೊಂದು ಆಸ್ಪತ್ರೆಯಲ್ಲಿ ಮೆಥೊಟ್ರೆಕ್ಸೇಟ್ ಆರಂಭಿಸಿದ ಮೂರನೆಯ ತಿಂಗಳು ನಾನೂ ಜೊತೆಗೆ ಹೋಗಿದ್ದೆ. "ಹೇಗಿದೆ ಯಜಮಾನ್ರೇ?" ಎಂದು ಅಲ್ಲಿಯ ವೈದ್ಯರೂ ಕೇಳಿದರು. ನಮ್ಮ ತಂದೆ ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಕನ್ನಡಕ ಏರಿಸಿಕೊಂಡು, "ಹನ್ನೆರಡು ಅಂಗೈ ಇತ್ತು ಸಾರ್, ಈಗ ನಾಲ್ಕಿದೆ. ತಲೆ ಹಾಗೇ ಇದೆ. ಬಲಗೈ ಬೆರಳು ಬೆಳಿಗ್ಗೆ ಮಡಿಚೋಕೆ ಬರೋದಿಲ್ಲ" ಎಂದು ಓದಿದರು. ವೈದ್ಯರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, ಅವರ ಬಲಗೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡತೊಡಗಿದರು.